ಎರಡು ಬಾಟಲಿ ವಾದಕ್ಕೆ ಪ್ರತ್ಯುತ್ತರ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಹೆಸರನ್ನು ಚರ್ಚೆಗೆ ಎಳೆದು ತಂದವನು ನಾನಲ್ಲ. ಸಿಜೇರಿಯನ್ ಹೆರಿಗೆಗೆ ಬೆನ್ನಿಗೆ ಅರಿವಳಿಕೆ ಸೂಜಿ ಹಾಕಿದಾಗ ತಾಯಿಯ ಬಿಪಿ ಇಳಿಯುತ್ತದೆ. ಅದನ್ನು ತಡೆಯಲು ಸಲೈನ್ ಒಂದನ್ನೇ ನಂಬಬೇಡಿ, ರಕ್ತನಾಳ ಬಿಗಿಯುವ ಔಷಧವನ್ನು ಮೊದಲೇ ಸಿರಿಂಜಿನಲ್ಲಿ ತುಂಬಿಟ್ಟುಕೊಳ್ಳಿ, ಮಗು ಹೊರಬರುವ ತನಕ ನಿಮಿಷಕ್ಕೊಮ್ಮೆ ಬಿಪಿ ನೋಡಿ. ಇಷ್ಟು ಹೇಳಿದರೆ ಸಾಕು, ಎದುರಿನಿಂದ ಬರುವ ಮಾತು ಸಿದ್ಧವಾಗಿರುತ್ತದೆ: "ಇದೆಲ್ಲಾ ಬೆಂಗಳೂರಿನ ಮಾತು, ಹಾನಗಲ್ಲದಾಗ ನಡಿಯಂಗಿಲ್ಲ. ಎರಡು ಬಾಟ್ಲಿ ಬಿಡ್ರಿ, ಆಮ್ಯಾಲ ಸೂಜಿ ಹಾಕ್ರಿ, ಏನೂ ಆಗಂಗಿಲ್ಲ." ಹೀಗೆನ್ನುವವರಲ್ಲಿ ನನಗಿಂತ ಹಿರಿಯರಿದ್ದಾರೆ, ನನಗಿಂತ ಹೆಚ್ಚು ಹೆರಿಗೆ ಕಂಡವರಿದ್ದಾರೆ. ಅವರ ವಯಸ್ಸಿಗೆ ನಮಸ್ಕಾರ, ವಾದಕ್ಕೆ ಉತ್ತರ. ತೀರ್ಪು ಓದುಗರದು. ಅದಕ್ಕೆ ವೈದ್ಯರೇ ಆಗಿರಬೇಕೆಂದಿಲ್ಲ. ಮಗಳನ್ನೋ ಸೊಸೆಯನ್ನೋ ಒಳಗೆ ಕಳಿಸಿ ಹೊರಗಿನ ಬೆಂಚಿನ ಮೇಲೆ ಕುಳಿತವರಿಗೆ ಈ ಲೆಕ್ಕ ಅರ್ಥವಾಗುತ್ತದೆ.

ಮೊದಲ ವಾದ, ಉಳಿದೆಲ್ಲ ವಾದಗಳ ಮುತ್ತಜ್ಜ: ಸೂಜಿಗೆ ಮುಂಚೆ ಎರಡು ಬಾಟಲಿ, ಅಂದರೆ ಒಂದು ಲೀಟರ್ ರಿಂಗರ್ ಲ್ಯಾಕ್ಟೇಟ್ ಏರಿಸಿದರೆ ಬಿಪಿ ಇಳಿಯುವುದಿಲ್ಲ. ಈ ಮಾತು ಹುಟ್ಟಿದ್ದು ಮರ್ಯಾದಸ್ಥ ಮನೆಯಲ್ಲೇ. 1968ರಲ್ಲಿ ಅಮೆರಿಕದ ವೋಲ್‌ಮನ್ ಮತ್ತು ಮಾರ್ಕ್ಸ್ ಮೊದಲೇ ದ್ರವ ಏರಿಸುವುದರ ಪರವಾಗಿ ಬರೆದರು, ಜಗತ್ತು ಒಪ್ಪಿತು. ಆದರೆ ಜಗತ್ತು ಅಲ್ಲಿಗೇ ನಿಲ್ಲಲಿಲ್ಲ, ನಿಂತವರು ನಮ್ಮ ಎದುರಾಳಿಗಳು. 1993ರಲ್ಲಿ ದಕ್ಷಿಣ ಆಫ್ರಿಕಾದ ರೌಟ್ ಮತ್ತು ಸಂಗಡಿಗರು 140 ಗರ್ಭಿಣಿಯರಲ್ಲಿ ಅರ್ಧ ಮಂದಿಗೆ ಕೆ.ಜಿ.ಗೆ 20 ಮಿ.ಲೀ. ಲೆಕ್ಕದಲ್ಲಿ ದ್ರವ ಕೊಟ್ಟರು, ಉಳಿದ ಅರ್ಧಕ್ಕೆ ಕೊಡಲಿಲ್ಲ. 55 ಕೆ.ಜಿ. ತೂಕದ ಹೆಣ್ಣುಮಗಳಿಗೆ ಇದು 1,100 ಮಿ.ಲೀ., ಹೆಚ್ಚುಕಡಿಮೆ ನಮ್ಮವರ ಎರಡು ಬಾಟಲಿಯೇ. ದ್ರವ ಪಡೆಯದವರಲ್ಲಿ ಶೇ 71 ಮಂದಿಯ ಬಿಪಿ ಇಳಿಯಿತು, ಪಡೆದವರಲ್ಲಿ ಶೇ 55. ಲಾಭ ಇಲ್ಲವೆಂದಲ್ಲ, ಇದೆ. ಆದರೆ ಎರಡು ಬಾಟಲಿ ಏರಿಸಿಯೂ ಅರ್ಧಕ್ಕಿಂತ ಹೆಚ್ಚು ತಾಯಂದಿರ ಬಿಪಿ ಇಳಿದೇ ಇಳಿಯಿತು. ನಾಣ್ಯ ಚಿಮ್ಮಿದ್ದರೂ ಇದಕ್ಕಿಂತ ತುಸು ಹೆಚ್ಚಿನ ಭರವಸೆ ಸಿಗುತ್ತಿತ್ತು.

ಯಾಕೆ ಹೀಗೆ ಎಂಬುದನ್ನೂ ನೋಡಿಬಿಡೋಣ, ಇಡೀ ಜಗಳದ ಬೇರು ಇಲ್ಲೇ ಇದೆ. ಬೆನ್ನಿನ ಸೂಜಿ ನೋವಿನ ನರಗಳನ್ನಷ್ಟೇ ಮಲಗಿಸುವುದಿಲ್ಲ, ರಕ್ತನಾಳಗಳನ್ನು ಬಿಗಿಯಾಗಿ ಹಿಡಿದಿರುವ ನರಗಳನ್ನೂ ಮಲಗಿಸುತ್ತದೆ. ಎದೆಯ ಮಟ್ಟಕ್ಕೆ ಮರಗಟ್ಟುವಿಕೆ ಏರುವಷ್ಟರಲ್ಲಿ ಕೆಳಗಿನ ಮೈಯ ರಕ್ತನಾಳಗಳೆಲ್ಲ ಸಡಿಲವಾಗಿರುತ್ತವೆ. ಹೊಲದಲ್ಲಿ ಒಂದಿಂಚಿನ ಪೈಪು ಕಿತ್ತು ಮೂರಿಂಚಿನದು ಜೋಡಿಸಿದರೆ ಸ್ಪ್ರಿಂಕ್ಲರ್ ತಿರುಗುವುದು ನಿಲ್ಲುತ್ತದೆ. ಆಗ ಬಾವಿಗೆ ಎರಡು ಕೊಡ ನೀರು ಸುರಿಯುವವನನ್ನು ರೈತ ಏನೆಂದು ಕರೆಯುತ್ತಾನೋ ನನಗೆ ಗೊತ್ತು, ಬರೆಯುವುದಿಲ್ಲ. ಅದೂ ಸುರಿದ ನೀರು ಬಾವಿಯಲ್ಲಿ ನಿಂತರೆ ತಾನೆ? 1999ರಲ್ಲಿ ಜಪಾನಿನ ಉಯೆಯಾಮ ಮತ್ತು ಜೊತೆಗಾರರು ಅಳೆದೇ ನೋಡಿದರು. ಒಂದೂವರೆ ಲೀಟರ್ ರಿಂಗರ್ ಲ್ಯಾಕ್ಟೇಟ್ ಏರಿಸಿದ ಅರ್ಧ ಗಂಟೆಯ ಮೇಲೆ ರಕ್ತನಾಳದೊಳಗೆ ಉಳಿದದ್ದು ಶೇ 28 ಮಾತ್ರ, ಸುಮಾರು 420 ಮಿ.ಲೀ. ಉಳಿದದ್ದು ಸೋರಿ ಅಂಗಾಂಶಗಳಿಗೆ ಹೋಯಿತು. ಆ ಗುಂಪಿನಲ್ಲಿ ಶೇ 75 ಮಂದಿಯ ಬಿಪಿ ಇಳಿಯಿತು.

ಇಲ್ಲಿ ಓದಿಕೊಂಡ ಎದುರಾಳಿಯೊಬ್ಬರು ಎದ್ದು ನಿಲ್ಲುತ್ತಾರೆ: ಅದೇ ಅಧ್ಯಯನದಲ್ಲಿ ಒಂದು ಲೀಟರ್ ಪಿಷ್ಟದ ದ್ರಾವಣ ಕೊಟ್ಟವರಲ್ಲಿ ಶೇ 17 ಮಾತ್ರ, ಹಾಗಾದರೆ ಅದನ್ನೇ ಕೊಡೋಣ. ನಿಜ, ಶೇ 17. ಆದರೆ ಆ ಪಿಷ್ಟದ ದ್ರಾವಣಗಳಿಗೆ 2013ರಲ್ಲಿ ಯುರೋಪು ನಿರ್ಬಂಧ ಹಾಕಿತು, 2022ರಲ್ಲಿ ಮಾರಾಟದ ಪರವಾನಗಿಯನ್ನೇ ಅಮಾನತಿನಲ್ಲಿಟ್ಟಿತು. ತೀವ್ರ ಅಸ್ವಸ್ಥರಲ್ಲಿ ಮೂತ್ರಪಿಂಡಕ್ಕೂ ಜೀವಕ್ಕೂ ಅಪಾಯ ಕಂಡದ್ದು ಕಾರಣ. 1999ರ ಪುಟವನ್ನು ಓದಿ 2022ರ ಪುಟವನ್ನು ಮಡಚಿಟ್ಟುಕೊಳ್ಳುವುದು ಓದಲ್ಲ, ಆಯ್ಕೆ.

ಹಾಗಾದರೆ ನಾನು ದ್ರವವೇ ಬೇಡ ಎನ್ನುತ್ತಿದ್ದೇನೆಯೇ? ಎದುರಾಳಿಗಳು ನನ್ನ ಬಾಯಿಗೆ ಇಟ್ಟ ಮಾತು ಇದು, ನಾನು ಆಡಿದ್ದಲ್ಲ. 2005ರಲ್ಲಿ ಹಾಂಗ್‌ಕಾಂಗಿನ ಙಾನ್ ಕೀ ಮತ್ತು ಸಂಗಡಿಗರು ಎಲ್ಲ ತಾಯಂದಿರಿಗೂ ರಕ್ತನಾಳ ಬಿಗಿಯುವ ಫಿನೈಲ್‌ಎಫ್ರಿನ್ ಔಷಧದ ಹನಿ ಕೊಟ್ಟು, ಅರ್ಧ ಜನರಿಗೆ ಸೂಜಿ ಹಾಕಿದ ಕೂಡಲೇ ದ್ರವವನ್ನು ಜೋರಾಗಿ ಬಿಟ್ಟರು, ಉಳಿದವರಿಗೆ ನೆಪಮಾತ್ರಕ್ಕೆ. ದ್ರವವೂ ಔಷಧವೂ ಸಿಕ್ಕವರಲ್ಲಿ ಬಿಪಿ ಇಳಿದದ್ದು ಶೇ 1.9, ಔಷಧ ಮಾತ್ರ ಸಿಕ್ಕವರಲ್ಲಿ ಶೇ 28.3. ಬಾಟಲಿಗೆ ಕೆಲಸವಿದೆ, ಸೂಜಿಯ ಜೊತೆಜೊತೆಗೆ ಹರಿದಾಗ, ಔಷಧದ ಹೆಗಲಿಗೆ ಹೆಗಲು ಕೊಟ್ಟಾಗ. ಸೂಜಿಗೆ ಮುಂಚೆ ಇಪ್ಪತ್ತು ನಿಮಿಷ ಬಾಟಲಿ ಖಾಲಿಯಾಗುವುದನ್ನೇ ಕಾಯುತ್ತ ಕೂರುವುದಕ್ಕೆ ಕೆಲಸವಿಲ್ಲ. ಮಗುವಿನ ಎದೆಬಡಿತ ಕುಸಿಯುತ್ತಿರುವಾಗಲೂ "ಇನ್ನೊಂದು ಬಾಟ್ಲಿ ಮುಗೀಲಿ" ಎಂದು ಕಾಯುವವರು ಆ ಇಪ್ಪತ್ತು ನಿಮಿಷವನ್ನು ಯಾರ ಖಾತೆಗೆ ಬರೆಯುತ್ತಾರೆ?

ಎರಡನೆಯದು ವಾದವಲ್ಲ, ಸಾಕ್ಷಿ ಎಂದು ಮುಂದಿಡುವ ಮಾತು: ನಮ್ಮ ಕೈಯಲ್ಲಿ ವರ್ಷಗಟ್ಟಲೆ ಹೀಗೇ ನಡೆದುಬಂದಿದೆ, ಯಾರಿಗೂ ಏನೂ ಆಗಿಲ್ಲ. ಬಿಪಿ ಇಳಿದದ್ದು ಗೊತ್ತಾಗಬೇಕಾದರೆ ಮೊದಲು ನೋಡಿರಬೇಕು. ಮಾನಿಟರ್ ಐದು ನಿಮಿಷಕ್ಕೊಮ್ಮೆ ಅಳೆಯುವಂತೆ ಇಟ್ಟಿದ್ದರೆ, ಎರಡನೇ ನಿಮಿಷದಲ್ಲಿ 120ರಿಂದ 80ಕ್ಕೆ ಬಿದ್ದ ಬಿಪಿ ಐದನೇ ನಿಮಿಷಕ್ಕೆ ಅರ್ಧ ಚೇತರಿಸಿಕೊಂಡು 100 ಎಂದು ತೋರಿಸುತ್ತದೆ, ಕಾಗದದಲ್ಲಿ 120, 100 ಎಂದು ಬೀಳುತ್ತದೆ, "ಏನೂ ಆಗಿಲ್ಲ." ಬ್ರಿಟನ್ನಿನಲ್ಲಿ 1952ರಿಂದ ಪ್ರತಿ ತಾಯಿಯ ಸಾವನ್ನೂ ಗುಟ್ಟಾಗಿ, ಹೆಸರಿಲ್ಲದೆ, ಆದರೆ ಬಿಡದೆ ಕೆದಕಿ ನೋಡುವ ವಿಚಾರಣೆ ನಡೆದಿದೆ. ದಕ್ಷಿಣ ಆಫ್ರಿಕಾದಲ್ಲೂ ಅಂಥ ವರದಿಗಳಿವೆ. ಅಲ್ಲಿ ಅರಿವಳಿಕೆಯಿಂದ ತೀರಿಕೊಂಡ ತಾಯಂದಿರ ಲೆಕ್ಕ ತೆಗೆದಾಗ ಮತ್ತೆ ಮತ್ತೆ ಎದುರಾದದ್ದು ದೊಡ್ಡ ಆಸ್ಪತ್ರೆಗಳಲ್ಲ, ಜಿಲ್ಲಾ ಮಟ್ಟದ ಸಣ್ಣ ಆಸ್ಪತ್ರೆಗಳು. ಸರಳವೆಂದು ಎಣಿಸಿದ ಬೆನ್ನಿನ ಸೂಜಿ. ಅನುಭವ ಕಡಿಮೆ ಇದ್ದ ವೈದ್ಯರು. ಅಂದರೆ ನಮ್ಮ ನಾಲ್ಕು ತಾಲ್ಲೂಕುಗಳಂಥ ಜಾಗಗಳೇ. ಅಲ್ಲಿನವರೂ ಲೆಕ್ಕ ತೆಗೆಯುವ ಮುಂಚೆ ಇದೇ ಮಾತು ಆಡಿರಬೇಕು.

ಮೂರನೆಯದು ಮೇಲಿನ ಎರಡಕ್ಕೂ ಬೆಂಕಿ ಇಡುವ ವಾದ, ಆದರೂ ಅದೇ ಬಾಯಿಂದ ಬರುತ್ತದೆ: ಬಿಪಿ ಇಳಿಯುವುದು ಸಹಜ, ನಾಲ್ಕೈದು ನಿಮಿಷ ಇಳಿದರೆ ಏನೂ ಆಗದು. ಸ್ವಲ್ಪ ತಾಳಿ. ಮೊದಲು ಬಿಪಿ ಇಳಿಯುವುದೇ ಇಲ್ಲ ಎಂದಿರಿ. ಆಮೇಲೆ ಇಳಿದದ್ದನ್ನು ಕಂಡೇ ಇಲ್ಲ ಎಂದಿರಿ. ಈಗ ಇಳಿದರೂ ತೊಂದರೆಯಿಲ್ಲ ಎನ್ನುತ್ತೀರಿ. ತೊಂದರೆಯೇ ಇಲ್ಲದಿದ್ದರೆ ಆ ಎರಡು ಬಾಟಲಿ ಯಾತಕ್ಕೆ? ವಿಷಯಕ್ಕೆ ಬಂದರೆ: ಮೆದುಳಿಗೆ ತನ್ನ ರಕ್ತದ ಹರಿವನ್ನು ತಾನೇ ಸರಿಮಾಡಿಕೊಳ್ಳುವ ಉಪಾಯ ಉಂಟು, ಹೆರಿಗೆಯ ಹೊತ್ತಿನ ಗರ್ಭಕೋಶಕ್ಕೆ ಆ ಉಪಾಯ ಇಲ್ಲವೆನ್ನುವಷ್ಟು ಕಡಿಮೆ. ತಾಯಿಯ ಒತ್ತಡ ಎಷ್ಟೋ ಮಾಸಿಗೆ ಹೋಗುವ ರಕ್ತ ಅಷ್ಟು. ಆರೋಗ್ಯವಂತ ಮಗು ನಾಲ್ಕು ನಿಮಿಷ ತಡೆದುಕೊಂಡೀತು. ಆದರೆ ಸಿಜೇರಿಯನ್ನಿಗೆ ಬರುವ ಮಗುವೆಲ್ಲ ಆರೋಗ್ಯವಾಗಿಯೇ ಬರುತ್ತದೆಯೇ? ಎಷ್ಟೋ ಸಲ ಅದು ಸುಸ್ತಾಗಿದೆ ಎಂಬ ಕಾರಣಕ್ಕೇ ತಾಯಿ ಮೇಜಿನ ಮೇಲೆ ಬಂದಿರುತ್ತಾಳೆ. 2018ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಒಪ್ಪಿದ ಗೆರೆ ಸ್ಪಷ್ಟವಾಗಿದೆ: ತಾಯಿಯ ಬಿಪಿಯ ಮೇಲಿನ ಅಂಕಿಯನ್ನು ಮೊದಲಿದ್ದದ್ದರ ಶೇ 90ರ ಮೇಲೆ ಉಳಿಸಲು ನೋಡಬೇಕು, ಶೇ 80ರ ಕೆಳಗೆ ಹೋಗಲು ಬಿಡಬಾರದು. 120 ಇದ್ದವಳಿಗೆ 108 ಗುರಿ, 96 ಕಡೆಯ ಮೆಟ್ಟಿಲು.

ವಾಂತಿಯ ಮಾತು ಬೇಗ ಮುಗಿಸುತ್ತೇನೆ. ಸೂಜಿ ಹಾಕಿದ ಮೂರು ನಿಮಿಷಕ್ಕೆ ತಾಯಿ ಓಕರಿಸಿದರೆ "ಹೊಟ್ಟಿಗೆ ಏನ ತಿಂದು ಬಂದೀಯವಾ" ಎಂದು ಗದರುವವರಿದ್ದಾರೆ. ಅವಳು ತಿಂದದ್ದನ್ನು ಆಮೇಲೆ ವಿಚಾರಿಸಿ, ಮೊದಲು ಮಾನಿಟರ್ ನೋಡಿ. ಸೂಜಿಯ ನಂತರ ಬರುವ ಓಕರಿಕೆ ಬಿಪಿ ಇಳಿದದ್ದರ ಮೊದಲ ಕರೆಗಂಟೆ. ಕೆಲವೊಮ್ಮೆ ಯಂತ್ರಕ್ಕಿಂತ ಮೊದಲೇ ಅವಳೇ ಹೇಳುತ್ತಿರುತ್ತಾಳೆ.

ನಮ್ಮ ಹೆಣ್ಣುಮಕ್ಕಳಿಗೆ ಮೊದಲೇ ರಕ್ತ ಕಡಿಮೆ, ಅವರಿಗೆ ಬಾಟಲಿ ಹೆಚ್ಚು ಬೇಕು ಎಂಬುದು ಮುಂದಿನದು. ಇದರ ಮೊದಲರ್ಧ ನಿಜ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಆದರೆ ರಕ್ತಹೀನತೆ ಎಂದರೆ ಆಮ್ಲಜನಕ ಹೊರುವ ಕೆಂಪು ಕಣ ಕಡಿಮೆ ಎಂದು, ನೀರು ಕಡಿಮೆ ಎಂದಲ್ಲ. 8 ಗ್ರಾಂ ಹಿಮೋಗ್ಲೋಬಿನ್ ಇರುವವಳಿಗೆ ಎರಡು ಲೀಟರ್ ರಿಂಗರ್ ಲ್ಯಾಕ್ಟೇಟ್ ಏರಿಸಿದರೆ ಇರುವ ರಕ್ತವೂ ತೆಳುವಾಗುತ್ತದೆ. ಅವಳಿಗೆ ಬೇಕಾದದ್ದು ನಾಲ್ಕನೇ ತಿಂಗಳಿಂದ ಕಬ್ಬಿಣಾಂಶ, ಆಪರೇಷನ್ ದಿನ ರಕ್ತ ಸಂಗ್ರಹ ಘಟಕದಲ್ಲಿ ಅವಳ ಗುಂಪಿನ ಒಂದು ಚೀಲ. ಹಾಗೆಂದು ಒಂದು ಸಂಗತಿ ಮುಚ್ಚಿಡುವುದಿಲ್ಲ: ರಾತ್ರಿಯಿಡೀ ನೋವು ತಿಂದು, ನೀರೂ ಕುಡಿಯದೆ, ನಾಲಿಗೆ ಒಣಗಿ ಬಂದವಳಿಗೆ, ರಕ್ತ ಹೋಗುತ್ತಿರುವವಳಿಗೆ ದ್ರವ ಬೇಕೇ ಬೇಕು, ಸೂಜಿಗೆ ಮುಂಚೆಯೇ ಬೇಕು. ಅದು ಕೊರತೆಗೆ ಕೊಡುವ ಚಿಕಿತ್ಸೆ. ಚಿಕಿತ್ಸೆಗೂ ಶಾಸ್ತ್ರಕ್ಕೂ ವ್ಯತ್ಯಾಸ ತಿಳಿದವರು ಈ ಎರಡನ್ನು ಒಂದೇ ಬಾಟಲಿಯಲ್ಲಿ ಕಲಸುವುದಿಲ್ಲ.

ಈಗ ಎಡಮಗ್ಗುಲಿನ ಪ್ರಶ್ನೆ. ಬಸುರಿ ಅಂಗಾತ ಮಲಗಿದರೆ ತುಂಬಿದ ಗರ್ಭಕೋಶ ಹೃದಯಕ್ಕೆ ರಕ್ತ ತರುವ ದೊಡ್ಡ ಅಭಿಧಮನಿಯ ಮೇಲೆ ಕೂರುತ್ತದೆ. ಬಲಪಿರ್ರೆಯ ಕೆಳಗೆ ಮಡಚಿದ ಬೆಡ್‌ಶೀಟ್ ಇಟ್ಟು ಎಡಕ್ಕೆ ವಾಲಿಸಿದರೆ ಆ ಭಾರ ಸರಿಯುತ್ತದೆ. ಖರ್ಚು ಸೊನ್ನೆ. "ಅದು ಪುಸ್ತಕದ ಮಾತು" ಎಂದು ಇಷ್ಟು ದಿನ ತಳ್ಳುತ್ತಿದ್ದರು. ಈಚೆಗೆ ಆಕ್ಷೇಪ ಬದಲಾಗಿದೆ: ಹೊಸ ಸಂಶೋಧನೆ ವಾಲಿಸುವುದು ಬೇಡ ಎನ್ನುತ್ತದಂತೆ. ಎನ್ನುತ್ತದೆ, ಹೌದು. 2017ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಲೀ ಮತ್ತು ಜೊತೆಯವರು 100 ಆರೋಗ್ಯವಂತ ತಾಯಂದಿರಲ್ಲಿ ಅರ್ಧ ಮಂದಿಯನ್ನು ಅಂಗಾತ, ಅರ್ಧ ಮಂದಿಯನ್ನು 15 ಡಿಗ್ರಿ ವಾಲಿಸಿ ಮಲಗಿಸಿದರು; ಮಕ್ಕಳ ರಕ್ತದ ಆಮ್ಲೀಯತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎದುರಾಳಿಗಳು ಓದುವುದನ್ನು ಇಲ್ಲಿಗೆ ನಿಲ್ಲಿಸಿದರು. ಮುಂದಿನದನ್ನು ನಾನು ಓದುತ್ತೇನೆ: ಆ ತಾಯಂದಿರಿಗೆಲ್ಲ ಫಿನೈಲ್‌ಎಫ್ರಿನ್ ಹನಿ ಹರಿಯುತ್ತಿತ್ತು, ಬಿಪಿಯನ್ನು ಮೊದಲಿನ ಮಟ್ಟದಲ್ಲೇ ಹಿಡಿದಿಟ್ಟಿದ್ದರು, ಮತ್ತು ಅಂಗಾತ ಮಲಗಿದವರಿಗೆ ಆ ಔಷಧ ಹೆಚ್ಚೇ ಬೇಕಾಯಿತು. ಫಿನೈಲ್‌ಎಫ್ರಿನ್ ನಮ್ಮ ತಾಲ್ಲೂಕಿಗೆ ಬೇಡ ಎಂದು ಒಂದು ಕೈಯಲ್ಲಿ ತಳ್ಳಿ, ಅದರ ಬಲದಿಂದಲೇ ಸಾಧ್ಯವಾದ ಫಲಿತಾಂಶವನ್ನು ಇನ್ನೊಂದು ಕೈಯಲ್ಲಿ ಬಾಚಿಕೊಳ್ಳುವುದು! ಆ ಔಷಧ ಇಲ್ಲದ ಕಡೆ ಬೆಡ್‌ಶೀಟಿಗೆ ಬೆಲೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ಔಷಧದ ವಿಷಯಕ್ಕೇ ಬಂದೆವು. ಇಲ್ಲಿ ಆಕ್ಷೇಪಗಳ ಸಾಲೇ ಇದೆ, ಒಂದು ಬಿದ್ದರೆ ಇನ್ನೊಂದು ಎದ್ದು ನಿಲ್ಲುತ್ತದೆ.

ಫಿನೈಲ್‌ಎಫ್ರಿನ್ ಅಪಾಯಕಾರಿ, ಆಂಪ್ಯೂಲ್ ತುಂಬ ಗಾಢ, ತಪ್ಪಿ ಹಾಗೇ ಕೊಟ್ಟರೆ ಬಿಪಿ ಆಕಾಶಕ್ಕೆ ಹಾರುತ್ತದೆ ಎಂಬುದು ಮೊದಲ ಸಾಲು. ಅಪಾಯ ನಿಜ, ಅದಕ್ಕೆ ಉಪಾಯವೂ ಇದೆ. ಒಂದು ಆಂಪ್ಯೂಲಿನಲ್ಲಿ 10 ಮಿ.ಗ್ರಾಂ. ಅದನ್ನು 100 ಮಿ.ಲೀ.ಯ ಒಂದು ನಾರ್ಮಲ್ ಸಲೈನ್ ಬಾಟಲಿಗೆ ಹಾಕಿದರೆ ಒಂದು ಮಿ.ಲೀ.ಗೆ 100 ಮೈಕ್ರೋಗ್ರಾಂ. ಬಾಟಲಿಗೂ ಸಿರಿಂಜಿಗೂ ಹೆಸರು, ಪ್ರಮಾಣ, ಹೊತ್ತು ಬರೆದ ಚೀಟಿ ಅಂಟಿಸಬೇಕು. ಬಿಪಿ ಇಳಿದಾಗ ಅರ್ಧದಿಂದ ಒಂದು ಮಿ.ಲೀ., ಅಂದರೆ 50ರಿಂದ 100 ಮೈಕ್ರೋಗ್ರಾಂ. ಸೂಜಿ, ಕತ್ತರಿ, ಮತ್ತು ಬರಿಯ ಮರೆವಿನಿಂದಲೂ ಕೊಲ್ಲಬಲ್ಲ ಹತ್ತಾರು ಔಷಧಗಳಿರುವ ಕೋಣೆಯಲ್ಲಿ ಇದೊಂದೇ ಅಪಾಯಕಾರಿಯಾಗಿ ಕಂಡದ್ದು ಸೋಜಿಗ. ಗರ್ಭಕೋಶ ಕುಗ್ಗಿಸಲು ಕೊಡುವ ಆಕ್ಸಿಟೋಸಿನ್ನನ್ನು ನೋಡಿ. ಮಗು ಹೊರಬಂದ ಕೂಡಲೇ 10 ಯೂನಿಟ್ ಒಮ್ಮೆಲೇ ನರಕ್ಕೆ ತಳ್ಳುವ ಅಭ್ಯಾಸ ಎಷ್ಟೋ ಕಡೆ ಇನ್ನೂ ಇದೆ. ಅದು ತಾನೇ ರಕ್ತನಾಳ ಸಡಿಲಿಸಿ ಬಿಪಿ ಬೀಳಿಸುತ್ತದೆ. 1997–99ರ ಬ್ರಿಟನ್ ವಿಚಾರಣಾ ವರದಿ ಇದರ ಅಪಾಯವನ್ನು ಎತ್ತಿ ಹೇಳಿತು, 5 ಯೂನಿಟ್ ನಿಧಾನವಾಗಿ ಎಂದಿತು. ಆ ತಳ್ಳುವಿಕೆಗೆ ಹೆದರದ ಕೈ ಈ ಚೀಟಿ ಅಂಟಿಸಿದ ಸಿರಿಂಜಿಗೆ ನಡುಗುತ್ತದೆಯೇ?

ಮುಂದಿನ ಸಾಲು: ಸಿರಿಂಜ್ ಪಂಪ್ ಇಲ್ಲ. ಪಂಪ್ ಇದ್ದರೆ ಒಳ್ಳೆಯದು, ತಕರಾರಿಲ್ಲ. ಇಲ್ಲದಿದ್ದರೆ ಮಕ್ಕಳ ವಾರ್ಡಿನಲ್ಲಿರುವ ಮೈಕ್ರೋಡ್ರಿಪ್ ಸೆಟ್ ಎತ್ತಿಕೊಳ್ಳಿ, ಅದರಲ್ಲಿ 60 ಹನಿಗೆ ಒಂದು ಮಿ.ಲೀ. ಮೇಲಿನ ಬಾಟಲಿಯಿಂದಲೇ ನಿಮಿಷಕ್ಕೆ 30 ಹನಿ ಬಿಟ್ಟರೆ ಅರ್ಧ ಮಿ.ಲೀ., ಅಂದರೆ 50 ಮೈಕ್ರೋಗ್ರಾಂ. 15 ಹನಿ ಬಿಟ್ಟರೆ 25. 2018ರ ಆ ತಜ್ಞರು ಆರಂಭಕ್ಕೆ ಹೇಳಿದ ಪ್ರಮಾಣ ನಿಮಿಷಕ್ಕೆ 25ರಿಂದ 50. ಹನಿ ಎಣಿಸುತ್ತ ಯಾರಾದರೂ ಪಕ್ಕದಲ್ಲಿ ನಿಂತಿರಬೇಕು, ಬಿಪಿ ಮೇಲೆ ಹೋದರೆ ನಿಲ್ಲಿಸಬೇಕು, ನಾಡಿ ತೀರ ನಿಧಾನವಾದರೆ ಬೇರೆ ಔಷಧಕ್ಕೆ ಹೊರಳಬೇಕು. ಹನಿ ಎಣಿಸಲೂ ಯಾರಿಲ್ಲ ಎನ್ನುವುದಾದರೆ ಅಲ್ಲಿ ಇಲ್ಲದಿರುವುದು ಪಂಪ್ ಅಲ್ಲ, ಅರಿವಳಿಕೆಯವರು.

ಅದಕ್ಕೂ ಉತ್ತರ ಇಟ್ಟುಕೊಂಡಿದ್ದಾರೆ: ಕೆಲವು ಕಡೆ ಅರಿವಳಿಕೆ ಕೊಡುವವರು ಪೂರ್ಣ ತಜ್ಞರಲ್ಲ, 18 ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ಪಡೆದ ಎಂಬಿಬಿಎಸ್ ವೈದ್ಯರು, ಅವರ ಕೈಗೆ ಇಂಥ ಔಷಧ ಕೊಡಬಾರದು. ಈ ವಾದದ ಒಳಗೆ ಕೈ ಹಾಕಿ ನೋಡಿ. ಬೆನ್ನುಹುರಿಯ ಸುತ್ತಲಿನ ನೀರಿಗೆ ಸೂಜಿ ಇಳಿಸಿ ಅರ್ಧ ಮೈಯ ರಕ್ತನಾಳ ಸಡಿಲಿಸಲು ಆ ವೈದ್ಯ ಅರ್ಹ. ಸಡಿಲವಾದದ್ದನ್ನು ಬಿಗಿಯಲು ಅನರ್ಹ. ಗಂಟು ಬಿಚ್ಚಲು ಅನುಮತಿ, ಕಟ್ಟಲು ನಿಷೇಧ. ಕಡಿಮೆ ತರಬೇತಿಯ ವೈದ್ಯರಿಗೆ ಗೋಡೆಯ ಮೇಲೆ ಅಂಟಿಸಿದ ಸ್ಪಷ್ಟ ಲೆಕ್ಕ ಹೆಚ್ಚು ಬೇಕು, ಕಡಿಮೆ ಅಲ್ಲ.

ಕೊನೆಯ ಸಾಲಿನಲ್ಲಿ ಸ್ವಲ್ಪ ಜೀವವಿದೆ: ನಮ್ಮಲ್ಲಿ ಮೆಫೆಂಟರ್ಮಿನ್ ಇದೆ, ಅದು ಸಾಲದೇ? ಬರಿಯ ಬಾಟಲಿಗಿಂತ ಖಂಡಿತ ಉತ್ತಮ, ಈ ಅಂಶವನ್ನು ಒಪ್ಪುತ್ತೇನೆ. ಅದು ಬಿಪಿ ಏರಿಸುವ ಇನ್ನೊಂದು ಔಷಧವಾದ ಎಫೆಡ್ರಿನ್ನಿನ ಜಾತಿಗೆ ಹತ್ತಿರದ್ದು, ನಾಡಿ ಏರಿಸುತ್ತದೆ, ಮತ್ತೆ ಮತ್ತೆ ಕೊಟ್ಟರೆ ಪರಿಣಾಮ ಕುಗ್ಗುತ್ತದೆ. ಎಫೆಡ್ರಿನ್ ಮಾಸು ದಾಟಿ ಮಗುವಿನ ರಕ್ತದ ಆಮ್ಲೀಯತೆ ಹೆಚ್ಚಿಸುತ್ತದೆ ಎಂಬುದನ್ನು 2009ರಲ್ಲಿ ಅದೇ ಙಾನ್ ಕೀ ತೋರಿಸಿದ್ದಾರೆ. ಫಿನೈಲ್‌ಎಫ್ರಿನ್ ಮುಂದೆ ಬಂದದ್ದು ಆ ಕಾರಣಕ್ಕೆ. ಆದರೂ ತಟ್ಟೆಯಲ್ಲಿ ಮೆಫೆಂಟರ್ಮಿನ್ ಮಾತ್ರ ಇದ್ದರೆ ಅದನ್ನೇ ಬಳಸಿ, ಬೇಗ ಬಳಸಿ. ನನ್ನ ತಕರಾರು ತಟ್ಟೆಯಲ್ಲಿರುವ ಔಷಧದ ಬಗ್ಗೆ ಕಡಿಮೆ, ಕಪಾಟಿನಲ್ಲಿ ಬೀಗ ಹಾಕಿಟ್ಟ ಔಷಧದ ಬಗ್ಗೆ ಹೆಚ್ಚು. ಬಿಪಿ 70ಕ್ಕೆ ಇಳಿದ ಮೇಲೆ ಬೀಗದ ಕೈ ಹುಡುಕುವ ಸಿಸ್ಟರ್‌ಗೆ ಯಾವ ಔಷಧವಾದರೇನು.

ಬಿಪಿ ಏರಿ ಬಂದ ಗರ್ಭಿಣಿಗೆ ಬೆನ್ನಿನ ಸೂಜಿ ಹಾಕಿದರೆ ಪಾತಾಳಕ್ಕೆ ಬೀಳುತ್ತದೆ, ಆದ್ದರಿಂದ ಬಾಟಲಿ ಹೆಚ್ಚು ಬಿಡಬೇಕು ಎಂಬ ಇನ್ನೊಂದು ನಂಬಿಕೆ ಉಂಟು. ಎರಡೂ ತುಂಡು ಪೊಳ್ಳು. 2003ರಲ್ಲಿ ಫ್ರಾನ್ಸಿನ ಆಯಾ ಮತ್ತು ಸಂಗಡಿಗರು ತೀವ್ರ ಗರ್ಭನಂಜಿನಿಂದ ಬಿಪಿ ಏರಿದ್ದ 30 ತಾಯಂದಿರನ್ನು 30 ಆರೋಗ್ಯವಂತ ತಾಯಂದಿರ ಜೊತೆ ಹೋಲಿಸಿದರು. ಬಿಪಿ ಇಳಿದದ್ದು ನಂಜಿನವರಲ್ಲಿ ಶೇ 16.6, ಆರೋಗ್ಯವಂತರಲ್ಲಿ ಶೇ 53.3. ಇನ್ನು ಬಾಟಲಿ: ನಂಜಿನವಳ ರಕ್ತನಾಳಗಳು ಮೊದಲೇ ಸೋರುತ್ತವೆ, ಹೆಚ್ಚು ದ್ರವ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಎಲ್ಲರಿಗಿಂತ ಕಡಿಮೆ ದ್ರವ ಬೇಕಾದವಳಿಗೆ ಎಲ್ಲರಿಗಿಂತ ಹೆಚ್ಚು ಕೊಡಿ ಎನ್ನುವುದು ಹಳೆಯ ಅಭ್ಯಾಸವಷ್ಟೇ ಅಲ್ಲ, ಅಪಾಯ.

ಬಳ್ಳಾರಿಯ ಹೆಸರು ಈ ಚರ್ಚೆಯಲ್ಲಿ ಬಾರದೆ ಇರುವುದಿಲ್ಲ. 2024ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಜೇರಿಯನ್ ಆದ ಬಾಣಂತಿಯರಲ್ಲಿ ಮೂತ್ರಪಿಂಡ ಸೋತು, ಒಂದರ ಹಿಂದೊಂದು ಅಂಗ ಕೈಕೊಟ್ಟು, ಐವರು ತೀರಿಕೊಂಡರು. ಸಂಶಯ ಪಶ್ಚಿಮ ಬಂಗ ಫಾರ್ಮಾಸ್ಯುಟಿಕಲ್ಸ್ ತಯಾರಿಸಿದ ರಿಂಗರ್ ಲ್ಯಾಕ್ಟೇಟ್ ಮೇಲೆ ಬಿತ್ತು. ರಾಜ್ಯ ಸರ್ಕಾರ ಅದರ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. 2025ರ ಜನವರಿಯಲ್ಲಿ ಬಂಗಾಳದ ಮೇದಿನಿಪುರ ವೈದ್ಯಕೀಯ ಕಾಲೇಜಿನಲ್ಲಿ ಬಾಣಂತಿಯೊಬ್ಬರು ಸತ್ತಾಗ ಅದೇ ಕಂಪನಿಯ ಹೆಸರು ಮತ್ತೆ ಕೇಳಿಬಂತು. ಇದರಿಂದ ಎರಡು ಬಣ ಎರಡು ತೀರ್ಮಾನಕ್ಕೆ ಬಂದಿವೆ. ಒಂದು ಬಣಕ್ಕೆ ರಿಂಗರ್ ಲ್ಯಾಕ್ಟೇಟೇ ವಿಷ. ಅಲ್ಲ, ಸೋಡಿಯಂ, ಪೊಟ್ಯಾಷಿಯಂ, ಕ್ಯಾಲ್ಸಿಯಂ, ಕ್ಲೋರೈಡ್, ಲ್ಯಾಕ್ಟೇಟ್ ಕೂಡಿಸಿದ ಆ ದ್ರಾವಣದ ಸೂತ್ರದಲ್ಲಿ ದೋಷವಿಲ್ಲ, ಸಂಶಯ ಬಂದದ್ದು ಒಂದು ಕಾರ್ಖಾನೆಯ ಬಾಟಲಿಗಳ ಮೇಲೆ. ಇನ್ನೊಂದು ಬಣ ನಮ್ಮ ಎರಡು ಬಾಟಲಿಯವರದು: ಅದು ಖರೀದಿಯ ತಪ್ಪು, ನಮ್ಮ ಪದ್ಧತಿಗೂ ಅದಕ್ಕೂ ಸಂಬಂಧವಿಲ್ಲ. ಸಂಬಂಧವಿದೆ. ಬಾಟಲಿಯೂ ಔಷಧವೇ, ಗುಳಿಗೆಯಂತೆ ಅದಕ್ಕೂ ಬ್ಯಾಚ್ ಸಂಖ್ಯೆ ಇರುತ್ತದೆ, ಅದರಲ್ಲೂ ಕಲಬೆರಕೆ ಇರಬಹುದು. ಅಗತ್ಯವಿಲ್ಲದ ಪ್ರತಿ ಬಾಟಲಿ ಆ ಅಪಾಯಕ್ಕೆ ತಾಯಿಯನ್ನು ಇನ್ನೊಮ್ಮೆ ಒಡ್ಡಿದಂತೆ. "ನೀರು ತಾನೆ, ಬಿಡ್ರಿ" ಎಂದು ಏರಿಸುವವರು ಬಳ್ಳಾರಿಯ ನಂತರ ಆ ಮಾತನ್ನು ಆಡಬಾರದಿತ್ತು. ಕೇಸ್ ಶೀಟಿನಲ್ಲಿ ಎಷ್ಟು ಬಾಟಲಿ ಎಂದು ಬರೆಯುವವರು ಯಾವ ಬ್ಯಾಚ್ ಎಂದೂ ಬರೆಯಲಿ.

ಎಲ್ಲ ದಾರಿ ಮುಚ್ಚಿದ ಮೇಲೆ ಎದುರಾಳಿಗಳು ಆಂಬ್ಯುಲೆನ್ಸ್ ಹತ್ತುತ್ತಾರೆ: ಇಷ್ಟೆಲ್ಲ ರಗಳೆ ಯಾಕೆ, ಹಾವೇರಿಗೋ ಹುಬ್ಬಳ್ಳಿ ಕಿಮ್ಸ್‌ಗೋ ಕಳಿಸಿದರಾಯಿತು. ಕಳಿಸಲೇಬೇಕಾದವರನ್ನು ಕಳಿಸಲೇಬೇಕು, ಮಾಸು ಬಾಯಿಗೆ ಅಡ್ಡವಿದ್ದವರು, ಹೃದಯದ ಕಾಯಿಲೆಯವರು, ರಕ್ತ ಸಿಗದ ಕಡೆ ಇರುವವರು. ಆದರೆ ಬಿಪಿ ಕಾಯುವ ಕಷ್ಟ ತಪ್ಪಿಸಿಕೊಳ್ಳಲು ಕಳಿಸುವುದು ಬೇರೆ. ಹಿರೇಕೆರೂರಿನಿಂದ ಹುಬ್ಬಳ್ಳಿಗೆ ಹೊರಟ 108ರ ಸ್ಟ್ರೆಚರಿನಲ್ಲಿ ಆ ತಾಯಿ ಹೇಗೆ ಮಲಗಿರುತ್ತಾಳೆ? ಎಷ್ಟೋ ಸಲ ಅಂಗಾತ. ಆಪರೇಷನ್ ಮೇಜಿನ ಮೇಲೆ ಅರ್ಧ ಗಂಟೆ ಎಡಕ್ಕೆ ವಾಲಿಸುವುದು ಪುಸ್ತಕದ ಮಾತು ಎಂದವರು ಅವಳನ್ನು ಹೆದ್ದಾರಿಯುದ್ದಕ್ಕೂ ಆ ಭಾರದ ಕೆಳಗೆ ಕಳಿಸುತ್ತಾರೆ. ಶಿಗ್ಗಾಂವಿಯವರಿಗೆ ಹುಬ್ಬಳ್ಳಿ ದಾರಿ ನೇರ, ಹಾನಗಲ್ಲ, ಹಿರೇಕೆರೂರಿನವರಿಗೆ ಅಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಜೇರಿಯನ್ ನಡೆಯಬೇಕೆಂದು ಸರ್ಕಾರ ಆಪರೇಷನ್ ಕೋಣೆ ಕಟ್ಟಿದ್ದೇ ಈ ದಾರಿ ಉಳಿಸಲು.

ಉಳಿದದ್ದು ಒಂದು ಸವಾಲು, ಅದನ್ನು ನನಗೆ ಎಸೆದಿದ್ದಾರೆ: ದಕ್ಷಿಣ ಆಫ್ರಿಕಾ, ಹಾಂಗ್‌ಕಾಂಗ್, ನ್ಯೂಯಾರ್ಕ್ ಎನ್ನುತ್ತೀರಿ, ಈ ನಾಲ್ಕು ತಾಲ್ಲೂಕಿನ ಲೆಕ್ಕ ಎಲ್ಲಿದೆ? ಸಂತೋಷದಿಂದ ಸ್ವೀಕರಿಸುತ್ತೇನೆ, ಯಾಕೆಂದರೆ ಆ ಲೆಕ್ಕ ನಿಮ್ಮಲ್ಲಿಯೇ ಇದೆ, ನನ್ನಲ್ಲಲ್ಲ. ನಿಮ್ಮ ಪದ್ಧತಿಯನ್ನೇ ಮುಂದುವರಿಸಿ. ಮಾನಿಟರನ್ನು ಮಾತ್ರ ಒಂದು ನಿಮಿಷಕ್ಕೆ ಇಡಿ, ಒಂದು ಗುಂಡಿ ಒತ್ತುವ ಕೆಲಸ. ಮುಂದಿನ ನೂರು ಸಿಜೇರಿಯನ್‌ಗಳಲ್ಲಿ ಸೂಜಿಗೆ ಮುಂಚಿನ ಬಿಪಿ, ಮಗು ಹೊರಬರುವ ತನಕದ ಪ್ರತಿ ನಿಮಿಷದ ಬಿಪಿ, ಎಷ್ಟು ದ್ರವ, ಯಾವ ಹೊತ್ತಿಗೆ ಯಾವ ಔಷಧ, ಓಕರಿಕೆ ಬಂತೇ, ಹುಟ್ಟಿದ ಮಗುವಿನ ಚೈತನ್ಯ ಅಳೆಯುವ ಅಪ್ಗಾರ್ ಅಂಕ ಎಷ್ಟು ಎಂದು ಬರೆಯಿರಿ. ಎರಡು ಬಾಟಲಿಯ ಬಲವೊಂದರಿಂದಲೇ ನೂರರಲ್ಲಿ ತೊಂಬತ್ತು ತಾಯಂದಿರ ಬಿಪಿ ಮೊದಲಿನ ಶೇ 80ರ ಕೆಳಗೆ ಇಳಿಯಲಿಲ್ಲ ಎಂದು ಆ ಹಾಳೆ ತೋರಿಸಿದರೆ ಇಲ್ಲಿ ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಬರೆಯಲು ಸಿಬ್ಬಂದಿ ಇಲ್ಲ ಎಂಬ ಉತ್ತರವನ್ನು ಈಗಲೇ ಊಹಿಸಿದ್ದೇನೆ, ಅದು ನಡೆಯುವುದಿಲ್ಲ: ಮಾನಿಟರು ತಾನು ಅಳೆದದ್ದನ್ನು ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿರುತ್ತದೆ, ಆಪರೇಷನ್ ಮುಗಿದ ಮೇಲೆ ನೋಡಿ ನಕಲು ಮಾಡಿಕೊಂಡರೂ ಸಾಕು.